ಹಸಿರು ಶಾಲಿನಿಂದ ಶಾಸನಸಭೆಗೆ



ಶಾಲೆಯ ದಾಖಲಾತಿ ಸಮಯದಲ್ಲಿ ಒಬ್ಬ ಹುಡುಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಕಡೆ ಏನೂ ಬರೆಯದೆ ಬಿಟ್ಟಿದ್ದ. ಕೇಳಿದರೆ ತಲೆ ತಗ್ಗಿಸಿ, "ಏನಿಲ್ಲ ಸರ್, ಹೊಲದ ಕೆಲಸ" ಎಂದ. ಹೊಲದ ಕೆಲಸ ಉದ್ಯೋಗವಲ್ಲ ಎಂದು ಅವನಿಗೆ ಹೇಳಿಕೊಟ್ಟವರು ಯಾರು? "ಓದದಿದ್ದರೆ ದನ ಕಾಯೋಕೆ ಹೋಗು" ಎಂದು ಗದರಿಸುವ ನಮ್ಮಂಥ ಶಿಕ್ಷಕರೇ ಅಲ್ಲವೇ?

ಉರ್ದು, ಕನ್ನಡ ಎರಡನ್ನೂ ಕಲಿಸುವವನಾಗಿ ಒಂದು ವಿಷಯ ಹೇಳುತ್ತೇನೆ. ನಮ್ಮ 'ರೈತ' ಶಬ್ದ ಅರಬ್ಬಿ ಮೂಲದ 'ರಯ್ಯತ್'ನಿಂದ ಬಂದದ್ದು. ಅದರ ಅರ್ಥ ಪ್ರಜೆ, ಆಳ್ವಿಕೆಗೆ ಒಳಪಟ್ಟವನು. ಹೆಸರಿನಲ್ಲೇ ಆಳಿಸಿಕೊಳ್ಳುವವನಾದ ರೈತ ಕಾನೂನು ಮಾಡುವ ಸದನಕ್ಕೆ ಹೋದ ಕಥೆಯೊಂದು ನಮ್ಮ ಮಂಡ್ಯ ಜಿಲ್ಲೆಯಲ್ಲಿದೆ.

ಕೆ.ಎಸ್. ಪುಟ್ಟಣ್ಣಯ್ಯನವರು 1949ರಲ್ಲಿ ಹುಟ್ಟಿದರು. ಊರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ. ಕಬ್ಬು, ಭತ್ತ ಬೆಳೆಯುವ ನಾಲೆಯ ಸೀಮೆ ಅದು. 1980ರಲ್ಲಿ ನರಗುಂದ, ನವಲಗುಂದದ ರೈತರು ಕರಭಾರದ ವಿರುದ್ಧ ಎದ್ದರು, ಗೋಲಿಬಾರ್ ಆಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಸಾಲಕ್ಕಾಗಿ ಮನೆಯ ಸಾಮಾನು ಜಪ್ತಿ ಮಾಡಲು ಬರುವವರು ಅನುಮತಿಯಿಲ್ಲದೆ ಊರೊಳಗೆ ಕಾಲಿಡಬಾರದೆಂದು ಹಳ್ಳಿಗಳ ಬಾಗಿಲಲ್ಲಿ ಫಲಕಗಳು ನಿಂತವು. ಬೆಳೆಗೆ ವೈಜ್ಞಾನಿಕ ಬೆಲೆ ಬೇಕೆಂಬುದು ಅವರ ಬೇಡಿಕೆ. ಆ ಹಸಿರು ಶಾಲನ್ನು ಹೆಗಲಿಗೆ ಹಾಕಿಕೊಂಡ ಪುಟ್ಟಣ್ಣಯ್ಯನವರು ಕೊನೆಯವರೆಗೂ ತೆಗೆಯಲಿಲ್ಲ.

1994ರಲ್ಲಿ ಅವರು ಪಾಂಡವಪುರದಿಂದ ಗೆದ್ದು ವಿಧಾನಸಭೆಗೆ ಹೋದರು. ಮತ್ತೆ ಗೆಲ್ಲಲು 2013 ಬರಬೇಕಾಯಿತು. ಆಗ ಕ್ಷೇತ್ರದ ಹೆಸರು ಮೇಲುಕೋಟೆ, ಪಕ್ಷ ಸರ್ವೋದಯ ಕರ್ನಾಟಕ. ನಡುವಿನ ಆ ವರ್ಷಗಳನ್ನು ಗಮನಿಸಿ, ಮಕ್ಕಳೇ. ಸೋತರೆಂದು ಮನೆಯಲ್ಲಿ ಕೂರಲಿಲ್ಲ. ಸಂಘ ಒಡೆದಾಗಲೂ ಒಂದು ಬಣದ ಮುಂದಾಳಾಗಿ ಹಳ್ಳಿ ಹಳ್ಳಿ ತಿರುಗಿದರು. ಕುರ್ಚಿ ಇದ್ದಾಗ ಮಾತ್ರ ನಾಯಕ ಎನಿಸಿಕೊಳ್ಳುವವರಿಗೆ ಇದು ಪಾಠ.

224 ಚುನಾಯಿತ ಸದಸ್ಯರ ಸದನದಲ್ಲಿ ಚಿಕ್ಕ ಪಕ್ಷದ ಶಾಸಕನಿಗೆ ಸಂಖ್ಯಾಬಲವಿಲ್ಲ. ಅವನಿಗಿರುವ ಆಯುಧ ಪ್ರಶ್ನೆ ಕೇಳುವ ಹಕ್ಕು ಮತ್ತು ಮಾತು. ಪುಟ್ಟಣ್ಣಯ್ಯನವರು ಹಳ್ಳಿಯ ಜಗಲಿಯ ಮಾತನ್ನೇ ಸದನಕ್ಕೂ ಒಯ್ದರು. ನಗಿಸುತ್ತಲೇ ಚುಚ್ಚುವ ಮಾತು ಅದು.

2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಆಗಲೂ ಶಾಸಕರೇ. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮದಲ್ಲಿದ್ದ ಮಗ ದರ್ಶನ್ ಊರಿಗೆ ಬಂದು ನಿಂತರು. 2018ರಲ್ಲಿ ಸೋತರು, 2023ರಲ್ಲಿ ಅದೇ ಮೇಲುಕೋಟೆಯಿಂದ ಗೆದ್ದರು.

ಪ್ರಿಯ ವಿದ್ಯಾರ್ಥಿಗಳೇ, ನೀವೆಲ್ಲ ಶಾಸಕರಾಗಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮನೆಯ ಪಹಣಿಯನ್ನು ಓದಲು ಕಲಿಯಿರಿ. ತಹಶೀಲ್ದಾರರಿಗೆ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯಲು ಕಲಿಯಿರಿ. ಅಪ್ಪನಿಗೆ ಸಿಗದ ಬೆಲೆಯ ಬಗ್ಗೆ ಪ್ರಶ್ನೆ ಕೇಳಲು ಕಲಿಯಿರಿ. ಆಳಿಸಿಕೊಳ್ಳುವವನು ಪ್ರಶ್ನೆ ಕೇಳುವವನಾಗುವುದು ಅಲ್ಲಿಂದಲೇ. ವಿದ್ಯೆ ಹೊಲ ಬಿಟ್ಟು ಓಡುವ ದಾರಿ ಮಾತ್ರವಲ್ಲ, ಹೊಲದ ಪರವಾಗಿ ನಿಲ್ಲುವ ಶಕ್ತಿಯೂ ಹೌದು.

ಆ ಹುಡುಗನಿಗೆ ಅರ್ಜಿಯನ್ನು ವಾಪಸು ಕೊಟ್ಟೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ದುಂಡಗಿನ ಅಕ್ಷರದಲ್ಲಿ 'ರೈತ' ಎಂದು ಬರೆದ. "ದನ ಕಾಯೋಕೆ ಹೋಗು" ಎನ್ನುವ ಮಾತನ್ನು ಅಂದಿನಿಂದ ನಾನೂ ಬಿಟ್ಟಿದ್ದೇನೆ.