‘ಜೋರಾಗಿ ಬಂತು’ ಅಂದರೆ ಎಷ್ಟು ಜೋರು?

ತುಮಕೂರಿನಿಂದ ಶಿರಾ ಕಡೆಗೆ ಸಾಗುವ ಹೆದ್ದಾರಿಯ ಅಂಚಿನಲ್ಲಿ ಒಂದು ಚಹಾದಂಗಡಿ ಇದೆ ಎಂದುಕೊಳ್ಳೋಣ. ಸಂಜೆ ಆರೂವರೆ. ಅಂಗಡಿಯಾತ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದಾನೆ. ಧಡಾರೆಂದು ಸದ್ದಾಗುತ್ತದೆ. ತಲೆ ಎತ್ತಿ ನೋಡಿದರೆ ತಿರುವಿನಲ್ಲಿ ಬೈಕೊಂದು ಮಗುಚಿ ಬಿದ್ದಿದೆ, ಬಿಳಿ ಕಾರೊಂದು ಅಡ್ಡ ತಿರುಗಿ ನಿಂತಿದೆ. ಆತ ಒಲೆ ಆರಿಸಿ ಓಡುತ್ತಾನೆ. ಗಾಯಾಳುವನ್ನು ಆಟೋಗೆ ಹತ್ತಿಸಿ ಕಳುಹಿಸಿದ ಮೇಲೆ ಪೊಲೀಸರು ಬರುತ್ತಾರೆ. ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ವಾಸ ಎಲ್ಲವನ್ನೂ ಕೇಳಿ, ಆತ ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾರೆ.

ಮೂರು ವಾರ ಕಳೆದ ಮೇಲೆ ಫೋನು ಬರುತ್ತದೆ. ‘ಒಂದ್ಸಲ ಸ್ಟೇಷನ್ ಕಡೆ ಬಂದು ಹೋಗಪ್ಪ, ಮರು ಹೇಳಿಕೆ ತಗೋಬೇಕು.’

ಆತನ ಎದೆ ಧಸಕ್ಕೆನ್ನುತ್ತದೆ. ಅವತ್ತೇ ಎಲ್ಲ ಹೇಳಿದ್ದಾಯಿತಲ್ಲ? ಹೇಳಿದ್ದನ್ನು ನಂಬಲಿಲ್ಲವೇ? ಕಾರಿನವರು ಏನಾದರೂ ದೂರು ಕೊಟ್ಟರೇ? ಅಕ್ಕಪಕ್ಕದವರು ಬುದ್ಧಿ ಹೇಳುವುದೂ ಉಂಟು: ‘ಅದಕ್ಕೇ ಅಂದಿದ್ದು, ಇಂಥದ್ದಕ್ಕೆಲ್ಲ ಕೈ ಹಾಕಬಾರದು ಅಂತ.’

ಠಾಣೆಯ ಕಡತಗಳಲ್ಲಿ ‘ಮರು ಹೇಳಿಕೆ’ ತೀರಾ ಮಾಮೂಲಿ ಮಾತು. ಅದನ್ನು ಕೇಳಿದ ಮಾತ್ರಕ್ಕೆ ಸಾಕ್ಷಿಯ ಮೇಲೆ ಅನುಮಾನ ಬಂದಿದೆ ಎಂದಲ್ಲ. ಗಾಯಾಳು ಆಸ್ಪತ್ರೆಯಲ್ಲಿ ತೀರಿಕೊಂಡರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಜಾಗರೂಕ ಚಾಲನೆಗೆ ಹೆಚ್ಚೆಂದರೆ ಆರು ತಿಂಗಳ ಶಿಕ್ಷೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ. ಮೊದಲ ದಿನ ಚಾಲಕ ಯಾರೆಂದು ಗೊತ್ತಿರದೆ ಆಮೇಲೆ ಸಿಕ್ಕಿರಬಹುದು. ಪಕ್ಕದ ಪೆಟ್ರೋಲ್ ಬಂಕಿನ ಸಿಸಿಟಿವಿ ಸಾಕ್ಷಿಯ ಮಾತಿಗೆ ಹೊಂದದ ಚಿತ್ರ ತೋರಿಸಿರಬಹುದು. ಬ್ರೇಕು ಸರಿಯಾಗಿತ್ತು ಎಂದು ಮೋಟಾರು ವಾಹನ ನಿರೀಕ್ಷಕರ ವರದಿ ಬಂದಿರಬಹುದು. ಇವೆಲ್ಲಕ್ಕಿಂತ ಮಿಗಿಲಾದ ಕಾರಣ ಮಾತ್ರ ಮೊದಲ ಹೇಳಿಕೆಯೊಳಗೇ ಅಡಗಿರುತ್ತದೆ.

ನಮ್ಮ ಅಪಘಾತದ ಕಡತಗಳಲ್ಲಿ ಒಂದು ವಾಕ್ಯ ಅಚ್ಚು ಹಾಕಿದಂತೆ ಮತ್ತೆ ಮತ್ತೆ ಬರುತ್ತದೆ. ‘ಸದರಿ ವಾಹನದ ಚಾಲಕನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಹೊಡೆಸಿದ್ದು’ ಎಂಬ ಒಕ್ಕಣೆ ಅದು. ಚಹಾದಂಗಡಿಯಾತ ತನ್ನ ಆಡುಮಾತಿನಲ್ಲಿ ಏನೇ ಹೇಳಿರಲಿ, ಕಾಗದದ ಮೇಲೆ ಇಳಿಯುವಾಗ ಅದು ಈ ಅಚ್ಚಿಗೆ ಬಿದ್ದಿರುತ್ತದೆ. ಓದಲು ಗಟ್ಟಿಯಾಗಿಯೇ ಕಾಣುತ್ತದೆ. ನ್ಯಾಯಾಲಯದಲ್ಲಿ ತೂಗಿದಾಗ ಮಾತ್ರ ಅದರ ಹಗುರತನ ಗೊತ್ತಾಗುತ್ತದೆ.

ಇದಕ್ಕೆ ಕರ್ನಾಟಕದ್ದೇ ಒಂದು ನಿದರ್ಶನವಿದೆ. 1982ರ ನವೆಂಬರ್ 25ರ ಬೆಳಿಗ್ಗೆ ಜನರನ್ನು ತುಂಬಿಕೊಂಡಿದ್ದ ಲಾರಿಯೊಂದು ಹಳ್ಳ ದಾಟುವಾಗ ಮಗುಚಿತು. 15 ಮಂದಿ ಸತ್ತರು, ಸುಮಾರು 18 ಮಂದಿ ಗಾಯಗೊಂಡರು. ಕೆಳಗಿನ ನ್ಯಾಯಾಲಯಗಳು ಚಾಲಕನನ್ನು ತಪ್ಪಿತಸ್ಥನೆಂದವು, ಹೈಕೋರ್ಟು ಬಿಡುಗಡೆ ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1998ರಲ್ಲಿ ಅಲ್ಲಿಂದ ಬಂದ ತೀರ್ಪೂ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಲಾರಿ ಅತಿವೇಗದಲ್ಲಿತ್ತು ಎಂದಿದ್ದರೇ ಹೊರತು, ಅತಿವೇಗವೆಂದರೆ ಅವರ ಲೆಕ್ಕದಲ್ಲಿ ಎಷ್ಟು ಎಂದು ಒಬ್ಬರೂ ಅಂದಾಜಿಗಾದರೂ ಹೇಳಿರಲಿಲ್ಲ. ವೇಗವೆಂಬುದು ಸಾಪೇಕ್ಷವಾದ ಮಾತು, ಅದೊಂದರಿಂದಲೇ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಎಂಬುದು ನ್ಯಾಯಾಲಯದ ನಿಲುವು. ಹದಿನೈದು ಜೀವಗಳ ಆ ಮೊಕದ್ದಮೆ ‘ಜೋರು’ ಎಂಬ ಒಂದು ಮಾತಿಗೆ ಅರ್ಥ ತುಂಬುವವರಿಲ್ಲದೆ ಮುಗಿದುಹೋಯಿತು.

ಮರು ಹೇಳಿಕೆಯಲ್ಲಿ ತನಿಖಾಧಿಕಾರಿ ಹುಡುಕುವುದು ಅಥವಾ ಹುಡುಕಬೇಕಾದದ್ದು ಈ ಅರ್ಥವನ್ನೇ. ಅಂಗಡಿಯಾತ ನಿಂತಿದ್ದ ಜಾಗಕ್ಕೂ ತಿರುವಿಗೂ ಎಷ್ಟು ಹೆಜ್ಜೆ? ನಡುವೆ ನಿಂತ ಲಾರಿ ಏನಾದರೂ ಕಣ್ಣಿಗೆ ಅಡ್ಡವಿತ್ತೇ? ಬೀದಿದೀಪ ಹತ್ತಿತ್ತೇ? ಕಾರು ಯಾವ ಕಡೆಗೆ ಮುಖ ಮಾಡಿ ನಿಂತಿತ್ತು? ಡಾಂಬರಿನ ಮೇಲೆ ಟೈರು ಉಜ್ಜಿದ ಗುರುತು ಎಲ್ಲಿಂದ ಎಲ್ಲಿಯವರೆಗೆ? ಕಡೆಗೆ, ಅತ್ಯಂತ ಇರುಸುಮುರುಸಿನ ಪ್ರಶ್ನೆ: ಡಿಕ್ಕಿಯನ್ನು ಆತ ಕಂಡನೇ, ಇಲ್ಲ ಸದ್ದು ಕೇಳಿ ತಿರುಗಿ ನೋಡಿದನೇ?

ನಮ್ಮ ಅಂಗಡಿಯಾತ ಚಿಲ್ಲರೆ ಎಣಿಸುತ್ತಿದ್ದ. ಸದ್ದು ಕೇಳಿದ ಮೇಲೆ ತಲೆ ಎತ್ತಿದ. ಆದರೆ ಮೂರು ವಾರದಲ್ಲಿ ಆತನ ಮನಸ್ಸಿನೊಳಗೆ ಬೇರೊಂದು ಕೆಲಸ ನಡೆದಿರುತ್ತದೆ. ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳಿದ್ದಾರೆ. ಹೇಳಿ ಹೇಳಿ ಕಥೆಗೆ ಹೊಳಪು ಬಂದಿದೆ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ತೋರಿಸಿದ್ದಾರೆ, ಇನ್ಯಾರೋ ‘ನೂರರ ಮೇಲಿತ್ತಂತೆ’ ಎಂದಿದ್ದಾರೆ. ಈಗ ಕಣ್ಣು ಮುಚ್ಚಿದರೆ ಬಿಳಿ ಕಾರು ರೊಯ್ಯನೆ ಬರುವುದು ಆತನಿಗೆ ನಿಜವಾಗಿಯೂ ಕಾಣುತ್ತದೆ. ಆತ ಸುಳ್ಳು ಹೇಳುತ್ತಿಲ್ಲ. ಕಂಡದ್ದರ ಜೊತೆಗೆ ಕೇಳಿದ್ದೂ ಸೇರಿ ಗಂಟು ಬಿದ್ದಿದೆ, ಅಷ್ಟೆ.

ಈ ಗಂಟನ್ನು ಪ್ರಯೋಗಾಲಯದಲ್ಲಿ ಬಿಚ್ಚಿ ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಸಹವರ್ತಿ ಜಾನ್ ಪಾಮರ್. 1974ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರತುಣುಕುಗಳನ್ನು ತೋರಿಸಲಾಯಿತು. ಬಳಿಕ ಕಾರುಗಳ ವೇಗ ಎಷ್ಟಿತ್ತೆಂದು ಎಲ್ಲರನ್ನೂ ಕೇಳಲಾಯಿತು. ಪ್ರಶ್ನೆಯಲ್ಲಿ ಬದಲಾದದ್ದು ಒಂದೇ ಕ್ರಿಯಾಪದ. ಕಾರುಗಳು ಒಂದಕ್ಕೊಂದು ‘ತಾಗಿದಾಗ’ ಎಂಬ ಅರ್ಥದಲ್ಲಿ ಕೇಳಿದವರಿಂದ ಬಂದ ಸರಾಸರಿ ಉತ್ತರ ಗಂಟೆಗೆ ಸುಮಾರು 32 ಮೈಲಿ. ‘ಅಪ್ಪಳಿಸಿದಾಗ’ ಎಂಬ ಅರ್ಥದ ಮಾತು ಬಳಸಿದಾಗ ಅದು 40 ದಾಟಿತು.

ಎರಡನೆಯ ಪ್ರಯೋಗ ಇನ್ನೂ ಸ್ವಾರಸ್ಯದ್ದು. 150 ಮಂದಿಗೆ ಒಂದು ಅಪಘಾತದ ಚಿತ್ರ ತೋರಿಸಿ, ವಾರ ಬಿಟ್ಟು ಮತ್ತೆ ಕರೆದು, ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಗಾಜೇ ಒಡೆದಿರಲಿಲ್ಲ. ಮೊದಲ ದಿನ ‘ಅಪ್ಪಳಿಸಿತು’ ಎಂಬ ಪ್ರಶ್ನೆ ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ 16 ಮಂದಿ ಕಂಡೆವು ಎಂದರು. ‘ಹೊಡೆಯಿತು’ ಎಂಬ ಮೆಲುಮಾತು ಕೇಳಿದ್ದ 50 ಮಂದಿಯಲ್ಲಿ ಹಾಗೆಂದವರು 7 ಮಂದಿ. ವೇಗದ ಪ್ರಶ್ನೆಯನ್ನೇ ಕೇಳಿರದ 50 ಮಂದಿಯಲ್ಲಿ 6.

ಕನ್ನಡದಲ್ಲಿ ಇಂಥ ಮಾತುಗಳಿಗೆ ಬರವಿಲ್ಲ. ತಾಗಿತು, ತಗುಲಿತು, ಬಡಿಯಿತು, ಗುದ್ದಿತು, ಡಿಕ್ಕಿ ಹೊಡೆಯಿತು, ಅಪ್ಪಳಿಸಿತು. ಒಂದೊಂದರ ಬೆನ್ನಿಗೂ ಒಂದೊಂದು ವೇಗ ಅಂಟಿಕೊಂಡಿದೆ. ‘ಕಾರು ಎಷ್ಟು ಸ್ಪೀಡಲ್ಲಿ ಬಂದು ಗುದ್ದಿತು?’ ಎಂದು ಕೇಳುವುದಕ್ಕೂ ‘ನೀನು ನೋಡಿದ್ದು ಏನು, ಮೊದಲಿಂದ ಹೇಳು’ ಎಂದು ಬಿಟ್ಟುಬಿಡುವುದಕ್ಕೂ ಅಜಗಜಾಂತರ. 1980ರ ದಶಕದಲ್ಲಿ ಅಮೆರಿಕದ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸೆಲ್‌ಮನ್ ರೂಪಿಸಿದ ವಿಚಾರಣೆಯ ಕ್ರಮ ಎರಡನೆಯ ಬಗೆಯದು. ಸಾಕ್ಷಿಯನ್ನು ಮನಸ್ಸಿನಲ್ಲೇ ಆ ಹೊತ್ತಿಗೆ, ಆ ಜಾಗಕ್ಕೆ ಕರೆದೊಯ್ಯುವುದು. ಕ್ಷುಲ್ಲಕವೆನಿಸಿದರೂ ಎಲ್ಲವನ್ನೂ ಹೇಳಿಸುವುದು. ಕೊನೆಯಿಂದ ಮೊದಲಿಗೆ ಹಿಂದುಮುಂದಾಗಿ ಹೇಳಿಸುವುದು. ಕೈಯಲ್ಲಿದ್ದ ಚಿಲ್ಲರೆ ನೆನಪಾದರೆ ತಲೆ ತಗ್ಗಿಸಿದ್ದೂ ನೆನಪಾಗುತ್ತದೆ.

ಇನ್ನು ಕರೆದಾಗ ಹೋಗಲೇಬೇಕೇ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮು ಇದನ್ನು ಹೇಳುತ್ತದೆ. ತನಿಖಾಧಿಕಾರಿ ತನ್ನ ಅಥವಾ ನೆರೆಯ ಠಾಣೆಯ ಸರಹದ್ದಿನಲ್ಲಿರುವ, ಪ್ರಕರಣದ ಸಂಗತಿ ತಿಳಿದಂತಿರುವ ವ್ಯಕ್ತಿಯನ್ನು ಬರಹೇಳಬಹುದು. ಆದರೆ ಆ ಆದೇಶ ಲಿಖಿತವಾಗಿರಬೇಕು. 15 ವರ್ಷದೊಳಗಿನವರು, 60 ದಾಟಿದವರು, ಮಹಿಳೆಯರು, ಅಂಗವೈಕಲ್ಯ ಇರುವವರು, ತೀವ್ರ ಕಾಯಿಲೆಯವರು ಠಾಣೆಗೆ ಬರಬೇಕಿಲ್ಲ. ತಾವಾಗಿ ಬರುತ್ತೇವೆ ಎಂದರೆ ಹೊರತು ಪೊಲೀಸರೇ ಅವರ ಮನೆಗೆ ಹೋಗಬೇಕು. ಮುಂದಿನ 180ನೇ ಕಲಮಿನ ಪ್ರಕಾರ ಕೇಳಿದ್ದಕ್ಕೆ ಸತ್ಯವನ್ನೇ ಹೇಳಬೇಕು, ತನ್ನನ್ನೇ ಅಪರಾಧದಲ್ಲಿ ಸಿಲುಕಿಸುವ ಪ್ರಶ್ನೆಗೆ ಮಾತ್ರ ಉತ್ತರಿಸಬೇಕಿಲ್ಲ. ಹೇಳಿಕೆಯನ್ನು ಧ್ವನಿ-ದೃಶ್ಯ ರೂಪದಲ್ಲಿ ದಾಖಲಿಸಲೂ ಅವಕಾಶವಿದೆ.

ಸಹಿಯ ವಿಚಾರದಲ್ಲಿ ಅನೇಕರಿಗೆ ಗೊಂದಲ. ಸ್ಥಳ ಮಹಜರಿಗೆ ಪಂಚರಾಗಿ ನಿಂತವರು ಸಹಿ ಹಾಕುತ್ತಾರೆ. ಪೊಲೀಸರ ಮುಂದೆ ಸಾಕ್ಷಿ ಕೊಡುವ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ, 181ನೇ ಕಲಮು ಅದನ್ನು ಸ್ಪಷ್ಟವಾಗಿಯೇ ಹೇಳಿದೆ. ವಿಮಾ ಕಂಪನಿಯ ಕಡೆಯ ತನಿಖೆಗಾರರು ಅಂಗಡಿ ಹುಡುಕಿಕೊಂಡು ಬರುವುದುಂಟು. ಅವರು ಪೊಲೀಸರಲ್ಲ, ಈ ಕಲಮುಗಳ ಅಧಿಕಾರ ಅವರ ಕೈಯಲ್ಲಿಲ್ಲ.

ನೋಡಿದ್ದಷ್ಟೇ ಅಲ್ಲದೆ ಗಾಯಾಳುವಿಗೆ ನೆರವಾದವರಿಗೆ ಕಾನೂನು ಇನ್ನೂ ದೊಡ್ಡ ರಕ್ಷಣೆ ಕೊಟ್ಟಿದೆ. ಅದರ ಹಿಂದೆ ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಹೂಡಿದ ಮೊಕದ್ದಮೆ ಇದೆ. ಆ ಸಂಸ್ಥೆ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 74 ಮಂದಿ ಗಾಯಾಳುವಿಗೆ ನೆರವಾಗಲು ಹಿಂಜರಿಯುತ್ತೇವೆ ಎಂದಿದ್ದರು. ಅವರಲ್ಲಿ ನೂರಕ್ಕೆ 88 ಮಂದಿ ಕೊಟ್ಟ ಕಾರಣ ಪದೇ ಪದೇ ಪೊಲೀಸರ ವಿಚಾರಣೆ, ಕೋರ್ಟು ಅಲೆದಾಟ ಮುಂತಾದ ಕಾನೂನಿನ ತಾಪತ್ರಯ. ಕೇಂದ್ರ ಸರ್ಕಾರ 2015ರ ಮೇ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು, 2020ರ ಸೆಪ್ಟೆಂಬರಿನಲ್ಲಿ ನಿಯಮಗಳು ಬಂದವು.

ಕರ್ನಾಟಕದಲ್ಲಿ ಗಾಯಾಳುವಿಗೆ ನೆರವಾಗುವ ಮಾತಿಗೆ ಇನ್ನಷ್ಟು ನೋವಿನ ನೆನಪಿದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹ ತುಂಡಾದ ಯುವಕನೊಬ್ಬ, ಪ್ರಾಣ ಹೋಗುವ ಮೊದಲು ತನ್ನ ಅಂಗಾಂಗ ದಾನ ಮಾಡಿ ಎಂದು ಬೇಡಿಕೊಂಡ. ಅವನ ಹೆಸರಿನಲ್ಲೇ ಬಂದದ್ದು ಸಾಂತ್ವನ-ಹರೀಶ್ ಯೋಜನೆ. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆ ಅದರ ಭರವಸೆಯಾಗಿತ್ತು. ಅದೇ ವರ್ಷ ರಾಜ್ಯದ ವಿಧಾನಮಂಡಲ ನೆರವಾದವರ ರಕ್ಷಣೆಗೆಂದೇ ಮಸೂದೆ ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು.

2020ರ ಕೇಂದ್ರ ನಿಯಮಗಳ ಸಾರವನ್ನು ಚಹಾದಂಗಡಿಯಾತನ ಲೆಕ್ಕಕ್ಕೆ ತಂದರೆ ಹೀಗೆ. ಗಾಯಾಳುವಿಗೆ ನೆರವಾದವನ ಹೆಸರು, ವಿಳಾಸ ಕೊಡು ಎಂದು ಯಾರೂ ಬಲವಂತ ಮಾಡುವಂತಿಲ್ಲ. ಆತ ಸಾಕ್ಷಿಯಾಗಲು ತಾನಾಗಿ ಒಪ್ಪಿದರೆ, ವಿಚಾರಣೆ ಆತನಿಗೆ ಅನುಕೂಲವಾದ ಹೊತ್ತಿನಲ್ಲಿ, ಮನೆಯಲ್ಲೋ ಕೆಲಸದ ಜಾಗದಲ್ಲೋ ನಡೆಯಬೇಕು. ಬರುವ ಅಧಿಕಾರಿ ಖಾಕಿಯಲ್ಲಿರಬಾರದು. ಪೂರ್ತಿ ಹೇಳಿಕೆಯನ್ನು ಒಂದೇ ಸಲಕ್ಕೆ ಪಡೆದು ಮುಗಿಸಬೇಕು. ಭಾಷೆ ಬಾರದಿದ್ದರೆ ದುಭಾಷಿಯನ್ನು ಒದಗಿಸಬೇಕು. ಸೊಲ್ಲಾಪುರ ರಸ್ತೆಯಲ್ಲಿ ಗಾಯಾಳುವಿಗೆ ನೆರವಾದ ವಿಜಯಪುರದ ಲಾರಿ ಚಾಲಕನಿಗೆ ಮರಾಠಿ ಬಾರದಿದ್ದರೆ ಅವನಿಗೂ ಇದು ಸಲ್ಲುತ್ತದೆ. ಹೀಗಿರುವಾಗ ‘ಸ್ಟೇಷನ್ ಕಡೆ ಬಂದು ಹೋಗು’ ಎಂಬ ಎರಡನೆಯ ಫೋನಿಗೆ ಆಸ್ಪದವೇ ಕಡಿಮೆ. ಮೊದಲ ಸಲವೇ ಹೆಜ್ಜೆ, ದೀಪ, ಸದ್ದು ಎಲ್ಲವನ್ನೂ ಕೇಳಿ ಬರೆದುಕೊಳ್ಳುವ ಹೊಣೆ ತನಿಖಾಧಿಕಾರಿಯದು.

ಅಂತೂ ನಮ್ಮ ಅಂಗಡಿಯಾತ ಮರು ಹೇಳಿಕೆ ಕೊಡಲು ಒಪ್ಪಿದ ಎನ್ನೋಣ. ‘ಡಿಕ್ಕಿಯಾದದ್ದನ್ನು ನಾನು ಕಂಡಿಲ್ಲ ಸಾರ್, ಸದ್ದು ಕೇಳಿ ನೋಡಿದೆ’ ಎಂದೂ ಹೇಳಿದ. ಇದರಿಂದ ಕೇಸು ಸಡಿಲವಾಯಿತೆಂದು ತೋರಬಹುದು. ಆದರೆ ಅದೇ ಉಸಿರಿನಲ್ಲಿ ಆತ ಇನ್ನೂ ಕೆಲವನ್ನು ಹೇಳಿದ. ಕಾರಿನ ಮುಂದಿನ ಎರಡೂ ಚಕ್ರ ಬಿಳಿಗೆರೆ ದಾಟಿ ಎದುರುಗಡೆಯ ಬದಿಗೆ ಬಂದಿದ್ದವು. ಟೈರಿನ ಕಪ್ಪು ಗೆರೆ ಅಂಗಡಿಯ ಬೋರ್ಡಿನ ಕಂಬದಿಂದ ಶುರುವಾಗಿ ತಿರುವಿನವರೆಗೆ ಎಳೆದಿತ್ತು. ಅತಿವೇಗ ಎಂಬ ಮಾತಿಗೆ ಇಲ್ಲದ ಅಳತೆ ಈ ಗೆರೆಗೆ ಇದೆ. ಮಹಜರಿನ ನಕ್ಷೆಯ ಜೊತೆಗೆ ಅದನ್ನು ಹೊಂದಿಸಿ ನೋಡಬಹುದು.

ಇದು ಎರಡು ಕಡೆ ಕೆಲಸಕ್ಕೆ ಬರುತ್ತದೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ತಪ್ಪು ಸಂಶಯಾತೀತವಾಗಿ ರುಜುವಾತಾಗಬೇಕು. ಗಾಯಾಳುವಿನ ಮನೆಯವರು ಹೋಗುವ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಾಗಲ್ಲ, ಯಾವುದು ಹೆಚ್ಚು ಸಂಭವನೀಯ ಎಂಬುದೇ ತಕ್ಕಡಿ. ಹೀಗಾಗಿ ಒಂದು ಕಡೆ ಚಾಲಕ ಬಿಡುಗಡೆಯಾಗಿ, ಇನ್ನೊಂದು ಕಡೆ ಸಂತ್ರಸ್ತರಿಗೆ ಪರಿಹಾರ ಸಿಗುವುದೂ ಉಂಟು.

ಕೊನೆಗೊಂದು ದಿನ ಸಮನ್ಸು ಬರುತ್ತದೆ. ಪೊಲೀಸರ ಮುಂದಿನ ಹೇಳಿಕೆ ನ್ಯಾಯಾಲಯದಲ್ಲಿ ತಾನೇ ಸಾಕ್ಷ್ಯವಾಗುವುದಿಲ್ಲ. ಕಟಕಟೆಯಲ್ಲಿ ಹೇಳಿದ್ದಕ್ಕೂ ಅದಕ್ಕೂ ವ್ಯತ್ಯಾಸವಿದ್ದರೆ ಎತ್ತಿ ತೋರಿಸಲಷ್ಟೇ ಅದರ ಬಳಕೆ. ಅಲ್ಲಿ ಬಿಟ್ಟ ಮುಖ್ಯ ಸಂಗತಿಯನ್ನು ಇಲ್ಲಿ ಹೊಸದಾಗಿ ಸೇರಿಸಿದರೂ ಅದು ವ್ಯತ್ಯಾಸವೆನಿಸಬಹುದು. ಪಾಟಿ ಸವಾಲಿಗೆ ಎದ್ದ ಕಾರಿನ ಕಡೆಯ ವಕೀಲರು ಮೊದಲ ಹೇಳಿಕೆಯನ್ನು ಕೈಯಲ್ಲಿ ಹಿಡಿದು ಕೇಳುತ್ತಾರೆ: ‘ಮೊದಲು ಸದ್ದು ಕೇಳಿತೋ, ಮೊದಲು ಕಾರು ಕಂಡಿತೋ?’

‘ಮೊದಲು ಸದ್ದು, ಸ್ವಾಮಿ. ಎರಡನೇ ಸಲ ಕೇಳಿದಾಗ ಅದನ್ನೇ ಹೇಳಿದೀನಿ.’

ವಕೀಲರು ಹಾಳೆ ಮಗುಚಿ ಮರು ಹೇಳಿಕೆ ಓದುತ್ತಾರೆ. ಮುಂದಿನ ಪ್ರಶ್ನೆ ಬೋರ್ಡಿನ ಕಂಬದ್ದು.