ಬೇಕೆಂದಾಗ ಮಾತ್ರ ಡಯಲ್ ಮಾಡುವ ಲಿನಕ್ಸ್

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೋಡೆಮ್ ಕಿರುಗುಟ್ಟಿ ಸಂಪರ್ಕ ಸಿಕ್ಕಿತೆಂದರೆ ಎರಡು ಮೀಟರು ಒಟ್ಟಿಗೆ ಓಡುತ್ತಿದ್ದವು: ದೂರವಾಣಿಯದೊಂದು, ಇಂಟರ್‌ನೆಟ್ ಖಾತೆಯದೊಂದು. ಅಷ್ಟು ಹೊತ್ತೂ ಫೋನು ಮಾಡಿದವರಿಗೆ ಎಂಗೇಜ್ ಟೋನೇ ಗತಿ.

ಕಚೇರಿಯಲ್ಲಿ ನಾಲ್ಕು ಕಂಪ್ಯೂಟರ್, ಫೋನ್ ಲೈನು ಮಾತ್ರ ಒಂದೇ. ಆಗ ಮೂಲೆಗೆ ಸೇರಿದ್ದ ಹಳೆಯ 486 ಯಂತ್ರ ಕೆಲಸಕ್ಕೆ ಬರುತ್ತಿತ್ತು. ಅದಕ್ಕೊಂದು ಮೋಡೆಮ್, ಒಂದು ನೆಟ್‌ವರ್ಕ್ ಕಾರ್ಡ್, ಮೇಲೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಹಾರ್ಡ್ ಡಿಸ್ಕ್ ಕೂಡ ಬೇಕಿರಲಿಲ್ಲ. ಲಿನಕ್ಸ್ ರೌಟರ್ ಪ್ರಾಜೆಕ್ಟ್ ಎಂಬ ಪುಟ್ಟ ಲಿನಕ್ಸ್ ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿತ್ತು.

ಒಳಗಿನ ಯಂತ್ರಗಳಿಗೆ 192.168ರಿಂದ ಶುರುವಾಗುವ ಖಾಸಗಿ ವಿಳಾಸಗಳು. ಇವು ಹೊರಜಗತ್ತಿನಲ್ಲಿ ನಡೆಯುವುದಿಲ್ಲ. ಆದ್ದರಿಂದ ಹೊರಗೆ ಹೋಗುವ ಪ್ರತಿ ಪ್ಯಾಕೆಟ್ಟಿಗೂ ಲಿನಕ್ಸ್ ತನ್ನ ವಿಳಾಸ ಅಂಟಿಸಿ, ಉತ್ತರ ಬಂದಾಗ ಕೇಳಿದವರಿಗೇ ತಲುಪಿಸುತ್ತದೆ. ಈ ಮಾಸ್ಕರೇಡಿಂಗ್ ಕೆಲಸವನ್ನು ಲಿನಕ್ಸಿನ ತಿರುಳಾದ ಕರ್ನೆಲ್ 2.2ರಲ್ಲಿ ಐಪಿಚೇನ್ಸ್ ಎಂಬ ಪ್ರೋಗ್ರಾಮಿಗೆ ಹೇಳಬೇಕಿತ್ತು. 2001ರ ಜನವರಿಯಲ್ಲಿ 2.4 ಬಂದಮೇಲೆ ಐಪಿಟೇಬಲ್ಸ್‌ಗೆ.

ನಿಜವಾದ ಚಮತ್ಕಾರ ಇರುವುದು ಮೋಡೆಮ್ ಸಂಪರ್ಕ ನೋಡಿಕೊಳ್ಳುವ ಪಿಪಿಪಿಡಿ ಎಂಬ ಪ್ರೋಗ್ರಾಮಿನಲ್ಲಿ. ಅದರ ಆಯ್ಕೆಗಳ ಕಡತದಲ್ಲಿ ‘ಡಿಮಾಂಡ್’ ಎಂದು ಬರೆದರೆ ಸಾಕು, ಡಯಲ್ ಮಾಡದೆಯೇ ಸಂಪರ್ಕ ಇರುವಂತೆ ನಟಿಸತೊಡಗುತ್ತದೆ. ಯಾರಾದರೂ ಬ್ರೌಸರ್ ತೆರೆದರೆ ಮೊದಲ ಪ್ಯಾಕೆಟ್ ಬಾಗಿಲಿಗೆ ಬರುತ್ತದೆ. ಪಿಪಿಪಿಡಿ ಅದನ್ನು ನಿಲ್ಲಿಸಿಕೊಂಡು ಚಾಟ್ ಎಂಬ ಸಹಾಯಕನಿಂದ ನಂಬರು ತಿರುಗಿಸುತ್ತದೆ. ಬ್ರೌಸರಿನ ಮುಂದೆ ಕೂತವರಿಗೆ ಪುಟ ಬರಲು ತುಸು ತಡವಾಯಿತು ಅನಿಸುತ್ತದೆ, ಅಷ್ಟೆ. ‘ಐಡಲ್ 300’ ಎಂದು ಸೇರಿಸಿದರೆ ಐದು ನಿಮಿಷ ಸದ್ದಿಲ್ಲದಿದ್ದಾಗ ಲೈನು ತಾನೇ ಕತ್ತರಿಸಿಕೊಳ್ಳುತ್ತದೆ. ಇದಕ್ಕೂ ಮೊದಲು ಎರಿಕ್ ಶೆಂಕ್ ಬರೆದ ಡಯಲ್‌ಡಿ ಎಂಬ ಪ್ರೋಗ್ರಾಮ್ ಇತ್ತು. ಯಾವ ಬಗೆಯ ಪ್ಯಾಕೆಟ್ಟಿಗೆ ಎಷ್ಟು ಹೊತ್ತು ಲೈನು ಹಿಡಿದಿರಬೇಕು ಎಂಬುದನ್ನೂ ಅದಕ್ಕೆ ಹೇಳಬಹುದಿತ್ತು.

ಆದರೆ ಬಿಲ್ಲು ಇಳಿಯಬೇಕಾದ ಕಡೆ ಏರುತ್ತಿದ್ದುದೂ ಉಂಟು. ಎಲ್ಲರೂ ಮನೆಗೆ ಹೋದ ಮೇಲೆ, ನಡುರಾತ್ರಿ ಮೋಡೆಮ್ ತಾನಾಗಿ ಕೂಗುತ್ತದೆ! ಭೂತಚೇಷ್ಟೆಯಲ್ಲ. ವಿಂಡೋಸ್ ಯಂತ್ರಗಳಿಗೆ ಆಗಾಗ ಯಾವುದೋ ಹೆಸರಿನ ವಿಳಾಸ ಹುಡುಕುವ ಚಟ. ಆ ಪ್ರಶ್ನೆ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್ ಹುಡುಕಿಕೊಂಡು ಹೊರಟರೆ ಲೈನು ಏಳುತ್ತದೆ. ಲಿನಕ್ಸಿನ ಇಮೇಲ್ ಸಾಗಿಸುವ ಪ್ರೋಗ್ರಾಮ್ ಸೆಂಡ್‌ಮೇಲ್ ಕೂಡ ಸುಮ್ಮನಿರುವ ಪೈಕಿಯಲ್ಲ.

ಲಿನಕ್ಸಿಗೆ ಡಯಲ್ ಮಾಡಲು ಕಲಿಸುವುದು ಒಂದು ಸಂಜೆಯ ಕೆಲಸ. ಯಾವುದಕ್ಕೆ ಡಯಲ್ ಮಾಡಬಾರದು ಎಂದು ಕಲಿಸುವುದಕ್ಕೇ ಹೆಚ್ಚು ತಾಳ್ಮೆ ಬೇಕಿತ್ತು. ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ ಕೂತರೆ ಯಾವ ಯಂತ್ರದಿಂದ, ಯಾವ ಪೋರ್ಟಿಗೆ ಪ್ಯಾಕೆಟ್ ಹೊರಟಿತೆಂದು ಕಾಣುತ್ತದೆ. ಪೋರ್ಟ್ 137 ಎಂದು ಕಂಡರೆ ವಿಂಡೋಸಿನದೇ ಕಿತಾಪತಿ. ಅದನ್ನು ಫೈರ್‌ವಾಲಿನಲ್ಲೇ ತಡೆಯಬೇಕು. ಒಳಗಿನ ಹೆಸರುಗಳಿಗೆ ಉತ್ತರಿಸಲು ಅದೇ 486ರ ಮೇಲೆ ಒಂದು ಪುಟ್ಟ ಡಿಎನ್‌ಎಸ್ ಸರ್ವರ್ ಕೂರಿಸಬೇಕು.