ಬೆಚ್ಚಗಿನ ಕಡಲಿಗೂ ಒಂದು ಅಂಗಿ



ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರು ಈಗ ಮುರ್ಡೇಶ್ವರಕ್ಕೆ ಹೋಗುವುದು ದೇವರ ದರ್ಶನಕ್ಕಷ್ಟೇ ಅಲ್ಲ. ಅಲ್ಲಿಂದ ದೋಣಿ ಹತ್ತಿ ಸುಮಾರು 20 ಕಿಲೋಮೀಟರ್ ಒಳಗೆ ಹೋದರೆ ನೇತ್ರಾಣಿ ದ್ವೀಪ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲಿಗೆ ಇಳಿಯುವ ಸ್ಕೂಬಾ ಆಟಕ್ಕೆ ಅವರು ಹೋಗುವ ಜಾಗ ಅದು. ಹೊರಡುವ ಮುನ್ನ ಎಲ್ಲರದ್ದೂ ಒಂದೇ ಪ್ರಶ್ನೆ: "ಅಲ್ಲಿ ನೀರು ಬೆಚ್ಚಗ ಇರ್ತದಲ್ರೀ, ಆ ರಬ್ಬರ್ ಅಂಗಿ ಯಾಕ ಬೇಕು? ಚಡ್ಡಿ ಸಾಲೂದಿಲ್ಲೇನು?"

ಇದಕ್ಕೆ ಉತ್ತರ ಬೇಕಾದರೆ ಮುತ್ತು ತೆಗೆಯುತ್ತಿದ್ದವರ ಕಾಲಕ್ಕೆ ಹೋಗಬೇಕು. ಮನ್ನಾರ್ ಕೊಲ್ಲಿಯಲ್ಲಿ ಮುಳುಗುಗಾರರು ಕಲ್ಲಿನ ಭಾರಕ್ಕೆ ಕೆಳಗಿಳಿದು, ಒಂದೇ ಉಸಿರಿನಲ್ಲಿ ಚಿಪ್ಪು ಆಯ್ದು ಮೇಲೆ ಬರುತ್ತಿದ್ದರು. ಮೈಮೇಲೆ ಲಂಗೋಟಿ ಬಿಟ್ಟರೆ ಏನೂ ಇಲ್ಲ. ರಕ್ಷಣೆ ಇರಲಿಲ್ಲವೆಂದಲ್ಲ, ಮಂತ್ರದ ರಕ್ಷಣೆ ಇತ್ತು. 13ನೇ ಶತಮಾನದ ಕೊನೆಗೆ ಈ ಕಡೆ ಬಂದ ಮಾರ್ಕೊ ಪೋಲೊ ಅದನ್ನು ಬರೆದಿಟ್ಟಿದ್ದಾನೆ: ದೊಡ್ಡ ಮೀನುಗಳ ಬಾಯಿ ಕಟ್ಟುವ ಮಂತ್ರಗಾರರಿಗೆ ಸಿಕ್ಕ ಮುತ್ತಿನಲ್ಲಿ 20ಕ್ಕೆ ಒಂದು ಪಾಲು ಕೊಡಬೇಕಿತ್ತು. ಬ್ರಿಟಿಷರ ಕಾಲದ ಸಿಲೋನಿನಲ್ಲೂ ಈ ಶಾರ್ಕ್ ಮಂತ್ರಗಾರರ ಕೆಲಸ ನಡೆದೇ ಇತ್ತು. ಅವರಿಲ್ಲದೆ ನೀರಿಗಿಳಿಯಲು ಮುಳುಗುಗಾರರು ಒಪ್ಪುತ್ತಿರಲಿಲ್ಲ.

ಪರ್ಷಿಯನ್ ಕೊಲ್ಲಿಯವರು ಇನ್ನೊಂದು ದಾರಿ ಕಂಡುಕೊಂಡಿದ್ದರು. ಜೆಲ್ಲಿ ಫಿಶ್ ಹೆಚ್ಚಾಗುವ ದಿನಗಳಲ್ಲಿ ಅಲ್ಲಿಯ ಮುಳುಗುಗಾರರು ಮೈತುಂಬ ತೆಳುವಾದ ಹತ್ತಿಬಟ್ಟೆಯ ಅಂಗಿ ತೊಟ್ಟು ಇಳಿಯುತ್ತಿದ್ದರು. ಚಳಿಗಾಗಿ ಅಲ್ಲ, ಉರಿ ತಪ್ಪಿಸಿಕೊಳ್ಳಲು. ಬೆಚ್ಚಗಿನ ನೀರಿನ ಉಡುಪಿನ ಕಥೆ ನನ್ನ ಪ್ರಕಾರ ಆರಂಭವಾಗುವುದು ಇಲ್ಲಿಂದ, ಯುರೋಪಿನಿಂದಲ್ಲ.

ಯುರೋಪಿಗೆ ಇದ್ದ ಚಿಂತೆ ಚಳಿಯದು. 1837ರ ಹೊತ್ತಿಗೆ ಲಂಡನ್ನಿನಲ್ಲಿ ಆಗಸ್ಟಸ್ ಸೀಬೆ ತಯಾರಿಸಿದ ಉಡುಪಿನಲ್ಲಿ ತಲೆಗೆ ಲೋಹದ ಹೆಲ್ಮೆಟ್, ಮೈಗೆ ರಬ್ಬರ್ ಬಳಿದ ಕ್ಯಾನ್ವಾಸ್, ಒಳಗೆ ಉಣ್ಣೆ. ಒಂದು ಹನಿಯೂ ಒಳಗೆ ಬರಬಾರದು ಎಂಬುದೇ ಅದರ ತತ್ವ. 1943ರಲ್ಲಿ ಫ್ರಾನ್ಸಿನ ಕುಸ್ಟೊ ಮತ್ತು ಗಾನ್ಯಾನ್ ಅಕ್ವಾಲಂಗ್ ಎಂಬ ಉಸಿರಾಟದ ಸಲಕರಣೆ ತಯಾರಿಸಿದ ಮೇಲೆ ಮನುಷ್ಯ ಮೀನಿನಷ್ಟು ಸಲೀಸಾಗಿ ಈಜಬಲ್ಲವನಾದ, ಆದರೆ ನಡುಗುತ್ತಲೇ ಈಜಿದ.

ಚಳಿ ಬಿಡಿಸಿದವನು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಅಣುಬಾಂಬ್ ಯೋಜನೆಯಲ್ಲಿ ಕೆಲಸ ಮಾಡಿ ಬಂದವನು. 1951ರಲ್ಲಿ ಅವನಿಗೆ ಹೊಳೆದದ್ದು ಇಷ್ಟೇ: ಬೆಚ್ಚಗಿರಲು ಮೈ ಒಣಗಿರಬೇಕಾದ ಅಗತ್ಯವೇ ಇಲ್ಲ. ನೀರು ಒಳಗೆ ಬರಲಿ, ಹರಿದಾಡದಿದ್ದರೆ ಸಾಕು. ಶಾಖವನ್ನು ತಡೆಯುವುದು ಬಟ್ಟೆಯೊಳಗೆ ಸಿಕ್ಕಿಬಿದ್ದ ಅನಿಲ. ಅದಕ್ಕೆ ಸಿಕ್ಕ ವಸ್ತು ನಿಯೋಪ್ರೀನ್ ಫೋಮ್, 1930ರಲ್ಲಿ ಡ್ಯುಪಾಂಟ್ ಕಂಪನಿ ಕಂಡುಹಿಡಿದ ಕೃತಕ ರಬ್ಬರನ್ನು ಉಬ್ಬಿಸಿ ಮಾಡಿದ್ದು. ಕತ್ತರಿಸಿ ನೋಡಿದರೆ ಇಡ್ಲಿಯೊಳಗಿನಂತೆ ಸಣ್ಣ ಸಣ್ಣ ಗುಳ್ಳೆ. ವೆಟ್‌ಸೂಟ್ ಹುಟ್ಟಿದ್ದು ಹೀಗೆ. ಬ್ರಾಡ್ನರನಿಗೆ ಪೇಟೆಂಟ್ ದಕ್ಕಲಿಲ್ಲ. ದುಡ್ಡು ಮಾಡಿಕೊಂಡವರು ಜ್ಯಾಕ್ ಓನೀಲ್ ಮತ್ತು ಮೈಸ್ಟ್ರೆಲ್ ಸಹೋದರರಂಥ ಅಂಗಡಿಕಾರರು. ಮೊದಲಿನ ಸೂಟುಗಳಿಗೆ ಒಳಲೈನಿಂಗ್ ಇರಲಿಲ್ಲ. ಮೈಗೆ ಟಾಲ್ಕಮ್ ಪೌಡರ್ ಬಳಿದುಕೊಂಡು ತೂರಿಕೊಳ್ಳಬೇಕಿತ್ತು, ಜೋರಾಗಿ ಎಳೆದರೆ ಹರಿದೇ ಹೋಗುತ್ತಿತ್ತು. ನೈಲಾನ್ ಬಟ್ಟೆ ಅಂಟಿಸಲು ಶುರುವಾದ ಮೇಲೆ ಈ ಪಡಿಪಾಟಲು ಮುಗಿಯಿತು.

ಆ ಕಡೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಪರ್ಷಿಯನ್ ಕೊಲ್ಲಿಯವರ ಹಳೆಯ ಉಪಾಯವೇ ಹೊಸ ವೇಷದಲ್ಲಿ ಬಂತು. ಪ್ರಾಣ ತೆಗೆಯುವ ಬಾಕ್ಸ್ ಜೆಲ್ಲಿ ಫಿಶ್‌ಗೆ ಹೆದರಿ ಅಲ್ಲಿಯ ಗಟ್ಟಿಮುಟ್ಟಾದ ಜೀವರಕ್ಷಕರು ಹೆಂಗಸರ ನೈಲಾನ್ ಕಾಲುಚೀಲ ಏರಿಸಿಕೊಂಡು ನೀರಿಗಿಳಿದರು. ಜೆಲ್ಲಿ ಫಿಶ್ಶಿನ ಕುಟುಕು ಆ ತೆಳು ನೈಲಾನನ್ನೂ ದಾಟುತ್ತಿರಲಿಲ್ಲ. 1958ರಲ್ಲಿ ಕಂಡುಹಿಡಿದ ಲೈಕ್ರಾ ಎಳೆ ಬಟ್ಟೆಯಾಗಿ ಸಿಗತೊಡಗಿದ ಮೇಲೆ ಮೈತುಂಬ ತೊಡುವ ಲೈಕ್ರಾ ಸೂಟೇ ಬಂತು.

ಈಗ ನೇತ್ರಾಣಿಗೆ ಬರೋಣ. ಅಲ್ಲಿಯ ನೀರು ಸುಮಾರು 28 ಡಿಗ್ರಿ. ಹಾಯೆನಿಸುತ್ತದೆ ನಿಜ, ಆದರೆ ಮೈಯೊಳಗಿನ ಬಿಸಿ 37. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಅರ್ಧ ಗಂಟೆ ಕಳೆದರೆ ತೆಳ್ಳಗಿನವರ ಹಲ್ಲು ಕಟಕಟ ಎನ್ನುವುದುಂಟು. ಎರಡನೇ ಸಲ ಇಳಿಯುವಾಗ ಚಳಿ ಇನ್ನೂ ಬೇಗ ಹತ್ತುತ್ತದೆ. ಜೊತೆಗೆ ಬಂಡೆಗೆ ಮೈ ಉಜ್ಜುವುದು, ಹವಳ ತರಚುವುದು, ಸೀ ಅರ್ಚಿನ್ ಮುಳ್ಳು ಚುಚ್ಚುವುದು, ದೋಣಿಯ ಮೇಲಿನ ಬಿಸಿಲು. ಹಾಗಾಗಿ ನನ್ನ ಮತ ಇದು: ಮೂರು ಮಿಲಿಮೀಟರ್ ದಪ್ಪದ ಫುಲ್ ಸೂಟ್. ಮೊಣಕಾಲಿಗೇ ನಿಲ್ಲುವ ಶಾರ್ಟಿ ಚಳಿಗೆ ಸಾಕಾಗಬಹುದು, ಮುಳ್ಳಿಗೆ ಸಾಲದು. ಐದು ಮಿಲಿಮೀಟರಿನದು ಇಲ್ಲಿ ದಂಡ. ಅದನ್ನು ಹಾಕಿಕೊಂಡು ದೋಣಿಯಲ್ಲೇ ಬೆವರಿ ಸುಸ್ತಾಗುತ್ತೀರಿ, ನೀರಿನಲ್ಲಿ ಅದು ತೇಲಿಸುವುದರಿಂದ ಸೊಂಟಕ್ಕೆ ಸೀಸದ ಭಾರವನ್ನೂ ಹೆಚ್ಚು ಕಟ್ಟಬೇಕು.

ದಪ್ಪಕ್ಕಿಂತ ಅಳತೆ ಮುಖ್ಯ. ಸೊಂಟದ ಹಿಂದೆ, ಕಂಕುಳಲ್ಲಿ ಸಡಿಲವಿದ್ದರೆ ಪ್ರತಿ ಸಲ ಕೈಬೀಸಿದಾಗಲೂ ತಣ್ಣೀರು ಒಳಹೊಕ್ಕು ಹೊರಡುತ್ತದೆ. ಬಾಡಿಗೆ ಸೂಟು ಕೊಟ್ಟರೆ ಮೊಣಕಾಲು, ಮೊಣಕೈ ಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಉಬ್ಬಿ ಬಂದರೆ ಗುಳ್ಳೆಗಳು ಜೀವಂತ, ಚಪ್ಪಟೆಯಾಗೇ ಉಳಿದರೆ ಅದು ಬರೀ ರಬ್ಬರ್ ಹಾಳೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುತ್ತದೆ. ಹೊಸ ಸೂಟೇ ಅಲ್ಲಿ ತೆಳ್ಳಗಾಗುತ್ತದೆ, ಹಳೆಯದರ ಪಾಡು ಕೇಳುವುದೇ ಬೇಡ. ಇನ್ನು ಜಿಪ್ ಇರುವುದು ಸಾಮಾನ್ಯವಾಗಿ ಬೆನ್ನಿಗೆ. ಎದೆಗೆ ಬರುವಂತೆ ತಿರುಗಾ-ಮುರುಗಾ ಹಾಕಿಕೊಂಡು ಫೋಟೊಕ್ಕೆ ನಿಲ್ಲುವವರನ್ನೂ ನೋಡಿದ್ದೇನೆ.

ಸೂಟು ಮೈಗೆ ಅಂಟುತ್ತದೆಂದು ಸಂಕೋಚಪಡುವ ಅಕ್ಕತಂಗಿಯರು ಅದರ ಮೇಲೆ ಬಿಗಿಯಾದ ಟೀ ಶರ್ಟ್ ತೊಟ್ಟುಕೊಳ್ಳಬಹುದು. ದುಪಟ್ಟಾ, ಸಡಿಲ ಕುರ್ತಾ ಮಾತ್ರ ಬೇಡವೇ ಬೇಡ, ಸಲಕರಣೆಗೆ ಸಿಕ್ಕಿಕೊಳ್ಳುತ್ತವೆ. ಮೈಗೆ ಎಣ್ಣೆ ಹಚ್ಚಿಕೊಂಡರೆ ಚಳಿ ತಡೆಯುತ್ತದೆಂಬ ಮಾತನ್ನೂ ನಂಬಬೇಡಿ. ಕುಸ್ಟೊನ ತಂಡ ಆ ಪ್ರಯೋಗ ಮಾಡಿ ಕೈಬಿಟ್ಟಾಗಿದೆ.

ಕೊನೆಗೊಂದು ವಿನಂತಿ. ಬಾಡಿಗೆ ಸೂಟಿನೊಳಗೆ ನಿಮಗಿಂತ ಮೊದಲು ಬೇರೆಯವರು ಇಳಿದಿದ್ದಾರೆ, ನೀರಿನೊಳಗೆ ಅವರು ಏನೇನು ಮಾಡಿರುತ್ತಾರೋ ನಾನು ಇಲ್ಲಿ ಹೇಳಲಾರೆ. ಸಿಹಿನೀರಿನಲ್ಲಿ ತೊಳೆದಿದ್ದಾರೆಯೇ ಎಂದು ಕೇಳಿಯೇ ತೊಟ್ಟುಕೊಳ್ಳಿ.